ಸೀಟು ಸಿಕ್ಕಿತು ಸರಿ, ಕಾಲೇಜನ್ನು ಪ್ರಶ್ನೆ ಕೇಳಿದಿರಾ?

ನೀಟ್ ಫಲಿತಾಂಶ ಬಂದ ದಿನ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ರ‍್ಯಾಂಕ್ ಎಷ್ಟು?’ ಎನ್ನುವುದು. ಎರಡನೆಯದು ‘ಸೀಟು ಸಿಗುತ್ತಾ?’. ಸೀಟು ಸಿಕ್ಕಿತು ಎಂದ ಕೂಡಲೇ ಸ್ವೀಟ್ ಬಾಕ್ಸ್ ಬರುತ್ತದೆ, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಲಾಗುತ್ತದೆ. ಮೂರನೆಯ ಪ್ರಶ್ನೆ ಒಂದಿದೆ: ‘ಅದೇ ಕಾಲೇಜು ಯಾಕೆ?’ ಇದನ್ನು ಕೇಳುವವರು ಕಡಿಮೆ, ಉತ್ತರ ಗೊತ್ತಿರುವವರು ಇನ್ನೂ ಕಡಿಮೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ ಕಳೆಯುವ ಜಾಗವನ್ನು ನಾವು ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ನೋಡಿ ಆರಿಸುತ್ತೇವೆ.

ನಾನು ಓದುತ್ತಿರುವುದು ಬಿಇ. ಮೆಡಿಕಲ್ ವಿಷಯ ನನಗೇಕೆ ಎಂದು ನೀವು ಕೇಳಬಹುದು. ನನ್ನ ಪಿಯು ಸಹಪಾಠಿಗಳಲ್ಲಿ ಹಲವರು ಇಂದು ಬೇರೆ ಬೇರೆ ಮೆಡಿಕಲ್ ಕಾಲೇಜುಗಳಲ್ಲಿದ್ದಾರೆ. ಚಿಕ್ಕಪ್ಪನ ಮಗಳು ಈಗಷ್ಟೇ ಕೆಇಎ ಕೌನ್ಸೆಲಿಂಗ್ ಮುಗಿಸಿದ್ದಾಳೆ. ಅವಳಿಗಾಗಿ ಫೋನ್ ಮಾಡಿದ್ದು, ಅಲೆದಾಡಿದ್ದು, ಲೆಕ್ಕ ಹಾಕಿದ್ದು ನಾನೇ. ಆ ಓಡಾಟದಲ್ಲಿ ಕಂಡದ್ದು ಒಂದು ಮನೆಯ ಸಮಸ್ಯೆ ಅಲ್ಲ ಅನ್ನಿಸಿತು. ನಮ್ಮ ಪ್ರವೇಶ ವ್ಯವಸ್ಥೆಯಲ್ಲೇ ಒಂದು ಕೊಂಡಿ ಕಳಚಿಹೋಗಿದೆ.

ಸಂದರ್ಶನ ಹೋದದ್ದು ಯಾಕೆ?

ಅಮೆರಿಕದಲ್ಲಿ ಡಾಕ್ಟರ್ ಆಗಬೇಕಾದವರು ಮೊದಲು ನಾಲ್ಕು ವರ್ಷದ ಪದವಿ ಮುಗಿಸುತ್ತಾರೆ. ಎಂಕ್ಯಾಟ್ ಪರೀಕ್ಷೆ ಬರೆದು ಹಲವು ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಕಾಲೇಜುಗಳು ಆಯ್ದವರನ್ನು ಸಂದರ್ಶನಕ್ಕೆ ಕರೆಯುತ್ತವೆ. ಒಂದಕ್ಕಿಂತ ಹೆಚ್ಚು ಕಡೆ ಪ್ರವೇಶ ಸಿಕ್ಕವರು ಏಪ್ರಿಲ್ 30ರೊಳಗೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡಬೇಕೆಂಬುದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘದ ಮಾರ್ಗಸೂಚಿ. ಅಷ್ಟರೊಳಗೆ ಅನೇಕ ಕಾಲೇಜುಗಳು ಆಯ್ಕೆಯಾದವರನ್ನು ಮತ್ತೊಮ್ಮೆ ಕ್ಯಾಂಪಸ್ಸಿಗೆ ಕರೆಯುತ್ತವೆ. ಆಗ ಪ್ರಶ್ನೆ ಕೇಳುವ ಸರದಿ ವಿದ್ಯಾರ್ಥಿಯದು. ಸೀನಿಯರ್‌ಗಳ ಜೊತೆ ಊಟ ಮಾಡಿ, ಆಸ್ಪತ್ರೆ ಸುತ್ತಿ, ಸಾಲದ ಲೆಕ್ಕ ಹಾಕಿ ನಿರ್ಧಾರ ಮಾಡುತ್ತಾರೆ.

ನಮ್ಮಲ್ಲೂ ಸಂದರ್ಶನ ಇರಲೇ ಇಲ್ಲ ಎಂದೇನಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದಶಕಗಳ ಕಾಲ ಪರೀಕ್ಷೆಯ ಜೊತೆಗೆ ಸಂದರ್ಶನ ನಡೆಸಿ ವಿದ್ಯಾರ್ಥಿಗಳನ್ನು ಆರಿಸುತ್ತಿತ್ತು. ನೀಟ್ ಕಡ್ಡಾಯವಾದಾಗ 2017ರಲ್ಲಿ ಆ ಕಾಲೇಜು ಎಂಬಿಬಿಎಸ್‌ನ 100 ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಟ್ಟಿತು. ಕೊನೆಗೆ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದು ತೀರ್ಪು ಕೊಟ್ಟಿತು.

ನಮ್ಮ ರಾಜ್ಯದ ಕಥೆ ಇನ್ನೂ ಕಹಿ. ಇಲ್ಲಿ ಕಾಲೇಜಿನ ಆಡಳಿತ ಮಂಡಳಿಯ ಕೈಗೆ ಆಯ್ಕೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪದ ಸಾಕು: ಡೊನೇಷನ್. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ 1984ರಲ್ಲೇ ಕರ್ನಾಟಕ ಕಾಯ್ದೆ ಮಾಡಿತ್ತು. ಆದರೂ 1992ರಲ್ಲಿ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಸಂಬಂಧಿಸಿದ ಪ್ರಕರಣ ಅದು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಆಗ ಶುಲ್ಕ ನಿಗದಿಯಾಗಿತ್ತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. 1994ರಲ್ಲಿ ಕರ್ನಾಟಕ ಸಿಇಟಿ ಶುರು ಮಾಡಿತು. ಹಳ್ಳಿಯ ಕನ್ನಡ ಮಾಧ್ಯಮದ ಹುಡುಗನೂ ಬೆಂಗಳೂರಿನ ಶ್ರೀಮಂತರ ಮಗಳೂ ಒಂದೇ ಪ್ರಶ್ನೆಪತ್ರಿಕೆ ಬರೆದು ಒಂದೇ ಪಟ್ಟಿಯಲ್ಲಿ ನಿಲ್ಲುವಂತಾಯಿತು. ಸಂದರ್ಶನ ಮತ್ತೆ ಬೇಕು ಎನ್ನುವವರು ಈ ಇತಿಹಾಸ ಮರೆಯಬಾರದು. ಇಂಗ್ಲಿಷ್ ಸರಾಗವಾಗಿ ಬರುವವರಿಗೆ, ‘ಪರಿಚಯ’ ಇರುವವರಿಗೆ ಸಂದರ್ಶನದ ಕೋಣೆ ಯಾವತ್ತೂ ಸ್ವಲ್ಪ ಅಗಲ.

2024ರ ನೀಟ್ ಗದ್ದಲವನ್ನೂ ನಾವು ನೋಡಿದ್ದೇವೆ. ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720, ಗ್ರೇಸ್ ಅಂಕದ ವಿವಾದ, ಸೋರಿಕೆಯ ಬಗ್ಗೆ ಸಿಬಿಐ ತನಿಖೆ, ಮರುಪರೀಕ್ಷೆ ಬೇಡ ಎಂಬ ಸುಪ್ರೀಂ ಕೋರ್ಟ್ ಆದೇಶ. ಪರೀಕ್ಷೆಯಲ್ಲೂ ಹುಳುಕಿದೆ, ನಿಜ. ಅದಕ್ಕೆ ಮದ್ದು ಪರೀಕ್ಷೆಯನ್ನು ಭದ್ರಪಡಿಸುವುದು. ಆಯ್ಕೆಯನ್ನು ಮತ್ತೆ ಮುಚ್ಚಿದ ಕೋಣೆಗೆ ಒಯ್ಯುವುದರಿಂದ ಅದು ಸರಿಹೋಗದು.

ಆದರೆ ಸಂದರ್ಶನ ಹೋಗುವಾಗ ಅದರ ಇನ್ನೊಂದು ಅರ್ಧವೂ ಹೋಯಿತು. ಕಾಲೇಜು ವಿದ್ಯಾರ್ಥಿಯನ್ನು ಪ್ರಶ್ನಿಸುವುದು ನಿಂತಿತು, ಒಳ್ಳೆಯದಾಯಿತು. ವಿದ್ಯಾರ್ಥಿ ಕಾಲೇಜನ್ನು ಪ್ರಶ್ನಿಸುವ ಅವಕಾಶ ಮಾತ್ರ ಹುಟ್ಟಲೇ ಇಲ್ಲ.

ನಾಲ್ಕು ಚಾಯ್ಸ್, ಕೆಲವೇ ದಿನ

ಕೆಇಎ ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದು: ಸೀಟು ಒಪ್ಪಿದೆ, ಸೇರುತ್ತೇನೆ. ಎರಡು: ಒಪ್ಪಿದೆ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ಬರೆದ ಕಾಲೇಜು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಮೂರು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು: ಈ ಪ್ರಕ್ರಿಯೆಯೇ ಬೇಡ. ಇಂಜಿನಿಯರಿಂಗ್‌ಗೆ ಬಂದ ನಮಗೂ ಇದೇ ನಾಲ್ಕು ಚಾಯ್ಸ್ ಇದ್ದವು. ಹಾಗಾಗಿ ಇದರ ತಲೆನೋವು ನನಗೆ ಹೊಸದಲ್ಲ.

ಎರಡನೇ ಚಾಯ್ಸ್ ಅನೇಕರಿಗೆ ಸುರಕ್ಷಿತ ದಾರಿಯಂತೆ ಕಾಣುತ್ತದೆ. ‘ಇದ್ದದ್ದು ಇರುತ್ತೆ, ಸಿಕ್ಕರೆ ಮೇಲಿನದ್ದು’ ಎನ್ನುತ್ತಾರೆ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ, ಅದು ಮತ್ತೊಬ್ಬರಿಗೆ ಹೋಗುತ್ತದೆ ಎನ್ನುವುದನ್ನು ಹಲವರು ಗಮನಿಸುವುದಿಲ್ಲ. ಅಂದರೆ ಆಪ್ಷನ್ ಎಂಟ್ರಿಯಲ್ಲಿ ಅವಸರದಲ್ಲಿ ಬರೆದ ಕ್ರಮವೇ ನಮ್ಮ ಮಾತು ಎಂದಾಗುತ್ತದೆ.

ತಂಗಿಗೆ ಬಂದದ್ದು ಇದೇ ಪೇಚು. ಮೊದಲ ಸುತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಜಿಲ್ಲಾ ಕೇಂದ್ರದ ಹೊಸ ಸರ್ಕಾರಿ ಕಾಲೇಜು. ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದಿದ್ದು ಬೆಂಗಳೂರಿನ ಹಳೆಯ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು. ಸರ್ಕಾರಿ ಕಾಲೇಜಿನ ಶುಲ್ಕ ಸಾವಿರಗಳ ಲೆಕ್ಕ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಎಂದರೂ ವರ್ಷಕ್ಕೆ ಲಕ್ಷ ದಾಟುತ್ತದೆ, ಹಾಸ್ಟೆಲ್ ಬೇರೆ. ಚಿಕ್ಕಪ್ಪನದು ಅಡಿಕೆ ತೋಟ, ಎಲೆಚುಕ್ಕಿ ರೋಗ ಬಂದ ಮೇಲೆ ಆದಾಯ ಮೊದಲಿನಂತಿಲ್ಲ. ಆದರೂ ‘ಹೆಸರು ಮುಖ್ಯ ಕಣಮ್ಮಾ, ದುಡ್ಡು ಹೇಗೋ ಹೊಂದಿಸೋಣ’ ಎಂದರು. ನಿರ್ಧರಿಸಲು ಇದ್ದದ್ದು ಬೆರಳೆಣಿಕೆಯ ದಿನ.

ಖಾಸಗಿ ಕಾಲೇಜಿನ ಕಚೇರಿಗೆ ಫೋನ್ ಮಾಡಿ ಇಂಟರ್ನ್‌ಗಳಿಗೆ ಎಷ್ಟು ಸ್ಟೈಪೆಂಡ್ ಕೊಡುತ್ತೀರಿ ಎಂದು ಕೇಳಿದೆ. ‘ಮೊದಲು ಅಡ್ಮಿಷನ್ ಆಗಲಿ, ಆಮೇಲೆ ಅದೆಲ್ಲ’ ಎಂದರು. ಸರ್ಕಾರಿ ಕಾಲೇಜಿನ ವೆಬ್‌ಸೈಟಿನಲ್ಲಿ ಅಧ್ಯಾಪಕರ ಪಟ್ಟಿ ಇತ್ತು, ಯಾವ ವರ್ಷದ್ದು ಎಂಬುದೇ ಇರಲಿಲ್ಲ.

ಹೆಸರು, ರ‍್ಯಾಂಕಿಂಗ್, ವಾಸ್ತವ

ಹಾಗಾದರೆ ಯಾವುದನ್ನು ನಂಬಬೇಕು? ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಅದರಲ್ಲಿ ಬೋಧನೆಯ ಜೊತೆಗೆ ಸಂಶೋಧನೆಗೂ, ಜನರಲ್ಲಿರುವ ಅಭಿಪ್ರಾಯಕ್ಕೂ ಅಂಕವಿದೆ. ಸಂಶೋಧನಾ ಲೇಖನ ಹೆಚ್ಚಿದ್ದರೆ ಮೂರನೇ ವರ್ಷದ ವಿದ್ಯಾರ್ಥಿಗೆ ಹೆರಿಗೆ ವಾರ್ಡಿನಲ್ಲಿ ಕೆಲಸ ಕಲಿಯಲು ಸಿಗುತ್ತದೆ ಎಂದು ಅರ್ಥವಲ್ಲ. ಅಮೆರಿಕದಲ್ಲೂ 2023ರ ಜನವರಿಯಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಅಲ್ಲಿನ ಪ್ರಸಿದ್ಧ ರ‍್ಯಾಂಕಿಂಗ್‌ಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಬೇರೆ ದೊಡ್ಡ ಕಾಲೇಜುಗಳೂ ಹಿಂಬಾಲಿಸಿದವು.

ಸರ್ಕಾರಿ ತಪಾಸಣೆಯನ್ನು ನಂಬೋಣವೇ? ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ 150 ಸೀಟಿನ ಕಾಲೇಜಿಗೆ 605 ಹಾಸಿಗೆಯ ಬೋಧನಾ ಆಸ್ಪತ್ರೆ ಬೇಕು. ನಿಯಮ ಚೆನ್ನಾಗಿದೆ. ಆದರೆ ಕಾಲೇಜುಗಳಿಗೆ ಅನುಕೂಲಕರ ವರದಿ ಕೊಡಲು ಲಂಚ ಪಡೆದ ಆರೋಪದ ಮೇಲೆ 2025ರಲ್ಲಿ ಸಿಬಿಐ ದೊಡ್ಡ ಪ್ರಕರಣ ದಾಖಲಿಸಿತು. ತಪಾಸಣೆಗೆ ಹೋದ ವೈದ್ಯರೂ ಬಂಧಿತರಾದರು. ತಪಾಸಣೆಯ ದಿನ ಮಾತ್ರ ಕಾಣಿಸಿಕೊಳ್ಳುವ ಅಧ್ಯಾಪಕರು, ಆ ದಿನಕ್ಕೆಂದೇ ಹಾಸಿಗೆ ತುಂಬುವ ರೋಗಿಗಳು ಎಂಬ ದೂರು ಹಳೆಯದು. ಹಾಸಿಗೆ ಎಷ್ಟಿದೆ ಎಂಬುದರ ಜೊತೆಗೆ ಅದರಲ್ಲಿ ಮಲಗಿದವರು ಯಾರು ಎಂಬುದನ್ನೂ ನೋಡಬೇಕಾದ ಕಾಲ ಇದು.

ಇಂಜಿನಿಯರಿಂಗ್‌ನಲ್ಲಿ ಲ್ಯಾಬ್ ಸರಿಯಿಲ್ಲದಿದ್ದರೆ ನಾವು ಯೂಟ್ಯೂಬ್ ನೋಡಿ, ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆದು ಹೇಗೋ ಕಲಿಯುತ್ತೇವೆ. ವೈದ್ಯಕೀಯದಲ್ಲಿ ಅದು ಆಗುವುದಿಲ್ಲ. ರೋಗಿಯ ಹೊಟ್ಟೆ ಮುಟ್ಟಿ ನೋಡದೆ, ರಾತ್ರಿಪಾಳಿಯ ಕ್ಯಾಶುವಾಲ್ಟಿಯಲ್ಲಿ ನಿಲ್ಲದೆ ಡಾಕ್ಟರ್ ಆದವರ ಮುಂದೆ ನಾಳೆ ನಮ್ಮ ಅಪ್ಪ ಅಮ್ಮ ಕೂರುತ್ತಾರೆ. ಮೆಡಿಕಲ್ ಕಾಲೇಜಿನ ಆಯ್ಕೆ ಸೀಟು ಸಿಕ್ಕವರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎನ್ನುವುದು ಇದೇ ಕಾರಣಕ್ಕೆ.

ನಾವೇ ಮಾಡಿದ ಸಂದರ್ಶನ

ಕೊನೆಗೆ ನಾನು, ತಂಗಿ ಎರಡು ಕಡೆಗೂ ಹೋದೆವು. ಬೆಳಿಗ್ಗೆ 10 ಗಂಟೆಗೆ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂತು ಸುಮ್ಮನೆ ನೋಡಿದೆವು. ಕ್ಯಾಂಟೀನಿನಲ್ಲಿ ಸೀನಿಯರ್‌ಗಳನ್ನು ಮಾತಾಡಿಸಿದೆವು. ಸರ್ಕಾರಿ ಕಾಲೇಜಿಗೆ ಸೇರಿದ್ದು ಹಳೆಯ ಜಿಲ್ಲಾಸ್ಪತ್ರೆ, ಚೀಟಿ ಮಾಡಿಸುವ ಸಾಲು ಗೇಟಿನ ತನಕ. ‘ಅಧ್ಯಾಪಕರು ಕೆಲವು ವಿಭಾಗದಲ್ಲಿ ಕಡಿಮೆ, ಲೈಬ್ರರಿ ಇನ್ನೂ ಆಗ್ತಾ ಇದೆ, ಆದರೆ ಕೇಸ್‌ಗಳಿಗೆ ಬರ ಇಲ್ಲ’ ಎಂದರು ಇಂಟರ್ನ್ ಒಬ್ಬರು. ಖಾಸಗಿ ಕಾಲೇಜಿನ ಕಟ್ಟಡ ಚೆಂದ, ಅಧ್ಯಾಪಕರು ಅನುಭವಿಗಳು, ಹಾಸ್ಟೆಲ್ ಸ್ವಚ್ಛ. ‘ರೋಗಿಗಳನ್ನು ನೋಡೋಕೆ ಪಿಜಿಗಳು ಇರ್ತಾರೆ, ನಮ್ಮ ಸರದಿ ಬರೋದು ಕಡಿಮೆ’ ಎಂದರು ಅಲ್ಲಿನ ಹುಡುಗಿ. ಯಾವುದೂ ಪೂರ್ತಿ ಒಳ್ಳೆಯದಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ತಂಗಿ ಒಂದು ರಾತ್ರಿ ಯೋಚಿಸಿ ಮೊದಲ ಚಾಯ್ಸ್ ಒತ್ತಿ ಸರ್ಕಾರಿ ಕಾಲೇಜು ಸೇರಿದಳು. ಇನ್ನೊಬ್ಬರಿಗೆ ಖಾಸಗಿ ಕಾಲೇಜೇ ಸರಿ ಎನ್ನಿಸಬಹುದು. ಯಾಕೆ ಎಂದು ಕೇಳಿದರೆ ಅವಳ ಹತ್ತಿರ ಉತ್ತರವಿದೆ, ನನಗೆ ಸಮಾಧಾನ ಕೊಟ್ಟದ್ದು ಅದು.

ಆದರೆ ಎಲ್ಲರಿಗೂ ಹೀಗೆ ಅಲೆಯಲು ಆಗುವುದಿಲ್ಲ. ಬೀದರ್‌ನ ಹುಡುಗಿ ಮಂಗಳೂರಿಗೆ ಬಂದು ನೋಡಿ ಹೋಗಲು ಖರ್ಚೆಷ್ಟು, ಸಮಯವೆಷ್ಟು? ಅಮೆರಿಕದ ಸಂದರ್ಶನ ಪದ್ಧತಿಗೂ ಇದೇ ಟೀಕೆ ಇತ್ತು, ವಿಮಾನ, ಹೋಟೆಲ್ ಖರ್ಚು ಬಡ ವಿದ್ಯಾರ್ಥಿಗಳ ಹೆಗಲ ಮೇಲೆ ಬೀಳುತ್ತಿತ್ತು. 2020ರ ಕೋವಿಡ್ ಸಮಯದಲ್ಲಿ ಸಂದರ್ಶನಗಳು ಆನ್‌ಲೈನ್ ಆದವು. ನಮಗೂ ಅದು ದಾರಿ ತೋರಿಸಬಹುದು.

ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಕೆಇಎ ಜಾಲತಾಣದಲ್ಲಿ ಪ್ರತಿ ಕಾಲೇಜಿಗೂ ಕನ್ನಡದಲ್ಲಿ ಒಂದು ಪುಟ ಇರಲಿ: ದಿನಕ್ಕೆ ಸರಾಸರಿ ಹೊರರೋಗಿಗಳು, ತುಂಬಿದ ಹಾಸಿಗೆಗಳು, ವಿಭಾಗವಾರು ಅಧ್ಯಾಪಕರು, ಹಾಸ್ಟೆಲ್ ಸೇರಿ ಒಟ್ಟು ಖರ್ಚು, ಇಂಟರ್ನ್‌ಗಳಿಗೆ ನಿಜಕ್ಕೂ ಕೈಗೆ ಸಿಗುವ ಸ್ಟೈಪೆಂಡ್. ಸ್ಟೈಪೆಂಡ್ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೇ ಅದನ್ನು ಮುಚ್ಚಿಡಲಾಗುತ್ತಿದೆ ಎಂಬುದಕ್ಕೆ ಸಾಕ್ಷಿ. ಎರಡನೆಯದು, ಅಣಕು ಸೀಟು ಹಂಚಿಕೆಯಾದ ಮೇಲೆ ಪ್ರತಿ ಕಾಲೇಜೂ ಒಂದು ದಿನ ಬಾಗಿಲು ತೆರೆದಿಡಲಿ, ಬರಲಾಗದವರಿಗೆ ಆನ್‌ಲೈನ್‌ನಲ್ಲಿ ಪ್ರಶ್ನೋತ್ತರ ನಡೆಯಲಿ. ಉತ್ತರ ಕೊಡುವವರಲ್ಲಿ ಓದುತ್ತಿರುವ ವಿದ್ಯಾರ್ಥಿಗಳೂ ಇರಲಿ. ಮೂರನೆಯದು, ಚಾಯ್ಸ್ ದಾಖಲಿಸಲು ಇನ್ನೆರಡು ದಿನ ಹೆಚ್ಚು ಕೊಡಲಿ.

ಇದು ಆಗುವ ತನಕ ಕಾಯಬೇಕಿಲ್ಲ. ಮುಂದಿನ ವರ್ಷ ನೀಟ್ ಬರೆಯುವ ತಮ್ಮ ತಂಗಿಯರೇ, ಕಟ್‌ಆಫ್ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಳ್ಳಿ. ಆಸ್ಪತ್ರೆಗೆ ಜನ ಬರುತ್ತಾರಾ? ಎಂಬಿಬಿಎಸ್ ವಿದ್ಯಾರ್ಥಿಗೆ ರೋಗಿಯನ್ನು ಮುಟ್ಟಿ ಕಲಿಯಲು ಬಿಡುತ್ತಾರಾ? ಪಾಠಕ್ಕೆ ಪ್ರೊಫೆಸರ್ ಬರುತ್ತಾರಾ? ಐದೂವರೆ ವರ್ಷಕ್ಕೆ ಒಟ್ಟು ಎಷ್ಟು ಖರ್ಚು? ರ‍್ಯಾಗಿಂಗ್ ದೂರು ಕೊಟ್ಟರೆ ಕೇಳುವವರಿದ್ದಾರಾ? ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಒಂದೊಂದು ಕಾಲೇಜಿನಲ್ಲಿ ಕನಿಷ್ಠ ಇಬ್ಬರು ಸೀನಿಯರ್‌ಗಳಿಗೆ ಈ ಐದು ಪ್ರಶ್ನೆ ಕೇಳಿ. ನಮ್ಮ ರ‍್ಯಾಂಕನ್ನು ಕಾಲೇಜು ನೋಡುತ್ತದೆ, ಕಾಲೇಜಿನ ರ‍್ಯಾಂಕನ್ನು ನಾವೇ ಕೊಡೋಣ.