ಗುದ್ದಲಿ ಪೂಜೆಗೆ ಮೊದಲು ಗೇಟಿನ ಮಾತಾಡೋಣ

ಬಡಾವಣೆಗೊಂದು ಹೊಸ ಕ್ರೀಡಾಂಗಣ ಬರುತ್ತದೆ ಎಂದಕೂಡಲೇ ಬೆಂಗಳೂರಿನಲ್ಲಿ ಕೇಳಿಬರುವ ಪ್ರಶ್ನೆ ಎರಡೇ: ಷಟಲ್ ಕೋರ್ಟ್ ಎಷ್ಟು, ಪಾರ್ಕಿಂಗ್ ಎಷ್ಟು? ಮಕ್ಕಳು ಅಲ್ಲಿಗೆ ಹೇಗೆ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಕ್ಷೆಗೆ ಸಹಿ ಬಿದ್ದು, ಕಾಂಪೌಂಡ್ ಎದ್ದು, ಅಡ್ಡರಸ್ತೆಯವರು ಮನೆ ಮುಂದೆ ‘ನೋ ಪಾರ್ಕಿಂಗ್’ ಫಲಕ ತೂಗುಹಾಕಿದ ಮೇಲೆ ಜಗಳ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದಕ್ಕೇ ನಗರದ ಐದೂ ಪಾಲಿಕೆಗಳ ಎಂಜಿನಿಯರುಗಳಿಗೆ, ಶಾಸಕರಿಗೆ, ಅವರಿಗಿಂತ ಹೆಚ್ಚಾಗಿ ನಮ್ಮಂಥ ತಂದೆತಾಯಿಗಳಿಗೆ ಕೈಮುಗಿದು ಕೇಳುತ್ತಿದ್ದೇನೆ: ಗೇಟಿನ ಹೊರಗಿನ ರಸ್ತೆಯೂ ಕ್ರೀಡಾಂಗಣದ ಭಾಗವೇ. ಅದರ ಲೆಕ್ಕ ಮೊದಲು ಮುಗಿಯಲಿ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಗೆದ್ದ ತಂಡವನ್ನು ಕಣ್ತುಂಬ ನೋಡಲು ಬಂದವರು ಅವರು. ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಆಯೋಗ, ಆ ಕ್ರೀಡಾಂಗಣದ ರಚನೆಯೇ ಭಾರೀ ಜನಸಂದಣಿಗೆ ತಕ್ಕುದಲ್ಲ ಎಂದಿತು. ರಸ್ತೆಯಿಂದ ಆಚೆ ಸಾಲು ನಿಲ್ಲಲು ಜಾಗ, ಸಾಕಷ್ಟು ಗೇಟು, ಬಸ್ಸು–ಮೆಟ್ರೋ ಸಂಪರ್ಕ, ವಾಹನ ನಿಲುಗಡೆ, ತುರ್ತಾಗಿ ಹೊರಬರುವ ದಾರಿ, ಇವೆಲ್ಲ ಇರುವ ಕಡೆಗೆ ದೊಡ್ಡ ಕಾರ್ಯಕ್ರಮಗಳನ್ನು ಒಯ್ಯಿರಿ ಎಂದಿತು. ವಾರ್ಡಿನ ಕ್ರೀಡಾಂಗಣಕ್ಕೆ ಅಷ್ಟು ಜನ ಸೇರುವುದಿಲ್ಲ, ನಿಜ. ಆದರೆ ಇನ್ನೂರು ಮಕ್ಕಳು ಸೇರುವ ಕಡೆಗೂ ಆ ಪಟ್ಟಿಯ ಒಂದೊಂದು ಅಂಶವೂ ಬೇಕು. ಜನ ಬಂದು ಸೇರಿದ ಮೇಲೆ ದಾರಿ ಹುಡುಕುವ ನಮ್ಮ ಚಾಳಿ ಚಿಕ್ಕ ಗೇಟಿನಲ್ಲೂ ಅಷ್ಟೇ ಅಪಾಯ.

ನಂಬಿಕೆಯಾಗದಿದ್ದರೆ ಈಗಾಗಲೇ ಇರುವ ಯಾವುದಾದರೂ ಬಡಾವಣೆಯ ಕ್ರೀಡಾಂಗಣದ ಮುಂದೆ ಸಂಜೆ ಆರಕ್ಕೆ ಹೋಗಿ ನಿಲ್ಲಿ. ಐದರ ಬ್ಯಾಚ್ ಬಿಡುವ ಹೊತ್ತು, ಆರರ ಬ್ಯಾಚ್ ಸೇರುವ ಹೊತ್ತು ಒಂದೇ. ಕರೆದೊಯ್ಯಲು ಬಂದ ಕಾರುಗಳು ಇನ್ನೂ ಹೊರಟಿಲ್ಲ, ಬಿಡಲು ಬಂದವು ಹಿಂದೆ ಹಾರನ್ ಹೊಡೆಯುತ್ತಿವೆ. ಫುಟ್‌ಪಾತಿನ ತುಂಬ ಸ್ಕೂಟರುಗಳು. ಬೆನ್ನಿಗೆ ರಾಕೆಟ್ ಚೀಲ ಹಾಕಿಕೊಂಡ ಎಂಟು ವರ್ಷದ ಹುಡುಗಿ ಎರಡು ಕಾರುಗಳ ಸಂದಿಯಿಂದ ತಲೆ ಹೊರಹಾಕಿ ರಸ್ತೆ ನೋಡುತ್ತಾಳೆ. ಅವಳ ಎತ್ತರಕ್ಕೆ ಬಾನೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಚೆಯಿಂದ ಬರುವ ಡೆಲಿವರಿ ಹುಡುಗನಿಗೂ ಅವಳು ಕಾಣುವುದಿಲ್ಲ. ಒಳಗೆ ಯಾರಿಗಾದರೂ ಎದೆನೋವು ಬಂದರೆ ಆಂಬ್ಯುಲೆನ್ಸ್ ಎಲ್ಲಿಂದ ನುಗ್ಗಬೇಕು?

ಇದಕ್ಕೆ ಇನ್ನಷ್ಟು ಪಾರ್ಕಿಂಗ್ ಕೊಟ್ಟರಾಯಿತು ಎನ್ನುವವರು ಒಂದು ಲೆಕ್ಕ ನೋಡಲಿ. ಒಂದು ಕಾರು ನಿಂತು, ತಿರುಗಿ, ಹೊರಬೀಳಲು ಸುಮಾರು 23 ಚದರ ಮೀಟರ್ ಬೇಕು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆರು ಕಾರಿಗೆ ಜಾಗ ಬಿಟ್ಟರೆ ಒಂದು ಕಬಡ್ಡಿ ಅಂಕಣ ಹೋಯಿತು! ಹದಿನಾಲ್ಕು ಜನ ಬೆವರು ಸುರಿಸಿ ಆಡಬಹುದಾದ ನೆಲದಲ್ಲಿ ಆರು ಕಾರು ಸುಮ್ಮನೆ ನಿಂತಿರುತ್ತವೆ. ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಹೀಗೆ ಮಾಡಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಕಾರಿಲ್ಲದ ಮನೆಯ ಮಗುವಿನ ಪಾಲನ್ನೇ ಅಲ್ಲವೇ ನಾವು ಕಿತ್ತುಕೊಳ್ಳುತ್ತಿರುವುದು?

ಹಾಗಂತ ಪಾರ್ಕಿಂಗೇ ಬೇಡ ಎನ್ನುತ್ತಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲ ಪಕ್ಕದಲ್ಲೇ ಜಾಗ ಬೇಕು, ಆಂಬ್ಯುಲೆನ್ಸಿಗೆ ಸದಾ ತೆರೆದ ದಾರಿ ಬೇಕು. ಮಕ್ಕಳನ್ನು ಇಳಿಸಿ ತಕ್ಷಣ ಹೊರಡಲು ಕಾಂಪೌಂಡಿನ ಒಳಗೇ ಒಂದು ಪಥ ಇರಲಿ, ಬರುವ ಗೇಟು ಬೇರೆ, ಹೋಗುವ ಗೇಟು ಬೇರೆ. ಸೈಕಲ್ ಸ್ಟ್ಯಾಂಡ್ ಹಿತ್ತಲ ಮೂಲೆಗೆ ಬೇಡ, ವಾಚ್‌ಮನ್ ಕಣ್ಣಿಗೆ ಬೀಳುವಂತೆ ಮುಂದೆಯೇ ಇರಲಿ. ಎರಡು ಬ್ಯಾಚ್‌ಗಳ ನಡುವೆ ಕಾಲು ಗಂಟೆ ಬಿಡುವು ಕೊಟ್ಟರೆ ಆರು ಗಂಟೆಯ ನೂಕುನುಗ್ಗಲು ಎಷ್ಟೋ ಇಳಿಯುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಭಾನುವಾರದ ಟೂರ್ನಮೆಂಟಿಗೆ ಬರುವ ವಾಹನ ನಿಲ್ಲಿಸಲು ಹತ್ತಿರದ ಶಾಲೆಯ ಅಂಗಳ ಕೇಳಿ. ಅಂದು ಅದು ಖಾಲಿಯೇ ಇರುತ್ತದೆ.

ಇನ್ನು ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಟಿಕೆಟ್ಟಿನ ಅಡ್ಡಿ ಹೋಯಿತು. ಆದರೆ ಸ್ಟಾಪಿನಿಂದ ಗೇಟಿನವರೆಗೆ ಬೀದಿದೀಪ ಉರಿಯದಿದ್ದರೆ, ಚರಂಡಿಯ ಕಲ್ಲು ಬಾಯಿ ತೆರೆದಿದ್ದರೆ, ಎಂಟು ಗಂಟೆಗೆ ಆಟ ಮುಗಿಸುವ ಹುಡುಗಿಯನ್ನು ಯಾವ ತಾಯಿ ಒಬ್ಬಳನ್ನೇ ಕಳಿಸುತ್ತಾಳೆ? ಆಟ ಬಿಡಿಸುತ್ತಾಳೆ, ಅಷ್ಟೆ. ಹೀಗೆ ಆಟ ಬಿಟ್ಟವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಸ್ಟಾಪಿನಿಂದ ಗೇಟಿನವರೆಗೆ ಕನಿಷ್ಠ 1.8 ಮೀಟರ್ ಅಗಲದ, ಅಡ್ಡಿಯಿಲ್ಲದ ಕಾಲುದಾರಿ ಮತ್ತು ಬೆಳಕು ಕ್ರೀಡಾಂಗಣದ ಅಂದಾಜುಪಟ್ಟಿಯಲ್ಲೇ ಸೇರಬೇಕು. ಬೇರೆ ಇಲಾಖೆಯ ಕೆಲಸ ಎಂದು ತಳ್ಳಿಹಾಕಿದರೆ ಅದು ಎಂದಿಗೂ ಆಗದು.

ದೊಡ್ಡ ಕ್ರೀಡಾಂಗಣಕ್ಕೂ ಇದೇ ಮಾತು. ಬೊಮ್ಮಸಂದ್ರದಾಚೆಯ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣ ಕಟ್ಟಲು ಸರ್ಕಾರ ಒಪ್ಪಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೋ ಮಾರ್ಗ ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ಅಡಿಪಾಯಕ್ಕೆ ಮೊದಲು ಗೊತ್ತುಮಾಡದಿದ್ದರೆ, ಪಂದ್ಯದ ದಿನ ಹೊಸೂರು ರಸ್ತೆ ಏನಾಗಬಹುದೆಂದು ಆ ರಸ್ತೆಯಲ್ಲಿ ದಿನಾ ಓಡಾಡುವವರನ್ನು ಕೇಳಿ.

ತಂದೆತಾಯಿಗಳೇ, ಅರ್ಧ ಕಿಲೋಮೀಟರಿಗೂ ಕಾರು ತೆಗೆಯುವವರು ನಾವೇ. ನಮ್ಮ ಮಗು ಸುರಕ್ಷಿತವಾಗಿರಲೆಂದು ತೆಗೆದ ಕಾರು ಪಕ್ಕದ ಮನೆಯ ಮಗುವಿಗೆ ಅಪಾಯ. ವಾರದಲ್ಲಿ ಎರಡು ದಿನವಾದರೂ ಒಂದೇ ಬೀದಿಯ ಮಕ್ಕಳನ್ನು ಗುಂಪಾಗಿ ನಡೆಸಿಕೊಂಡು ಹೋಗೋಣ, ಸರದಿಯ ಮೇಲೆ ಒಬ್ಬೊಬ್ಬ ಹಿರಿಯರು ಜೊತೆಗಿರಲಿ.

ಅಧಿಕಾರಿಗಳೇ, ಗುದ್ದಲಿ ಪೂಜೆಯ ದಿನಾಂಕ ಗೊತ್ತುಮಾಡುವ ಮೊದಲು ನಕ್ಷೆಯನ್ನು ಆ ಜಾಗದಲ್ಲೇ ದೊಡ್ಡದಾಗಿ ಕನ್ನಡದಲ್ಲಿ ಹಚ್ಚಿ. ಅಡ್ಡರಸ್ತೆಯ ಮನೆಯವರನ್ನು, ಆಟೋ ಸ್ಟ್ಯಾಂಡಿನವರನ್ನು, ಸಂಚಾರ ಪೊಲೀಸರನ್ನು, ಕೋಚ್‌ಗಳನ್ನು ಕರೆಯಿರಿ, ಆಡುವ ಮಕ್ಕಳನ್ನೂ ಕರೆಯಿರಿ. ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ; ಕೆಲಸ ಮುಗಿಸಿ ಬರುವವರಿಗೂ ಸಿಗುವಂತೆ ಸಂಜೆ ಏಳಕ್ಕೆ ಇಡಿ.