ಗಾಳಿಯನ್ನು ಎತ್ತುವವರು ಯಾರು?

ಗುಡ್ಡ ಜರಿದಾಗಲೆಲ್ಲ ಒಂದು ಮಾತು ಸಿದ್ಧವಾಗಿರುತ್ತದೆ: ‘ಮೇಘಸ್ಫೋಟ’. ಆ ಪದದೊಡನೆ ವಿಚಾರಣೆ ಮುಗಿದು, ಹೊಣೆಯೆಲ್ಲ ಆಕಾಶದ ಪಾಲಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೇಘಸ್ಫೋಟವೆಂದರೆ ಕಿರಿದಾದ ಪ್ರದೇಶದಲ್ಲಿ ಒಂದೇ ಗಂಟೆಗೆ 10 ಸೆಂ.ಮೀ. ಮೀರಿ ಸುರಿಯುವ ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಬೆಟ್ಟಗಳು ಕುಸಿದದ್ದು ದಿನಗಟ್ಟಲೆ ಬಿಡದೆ ಹೊಯ್ದ ಮಳೆಗೆ. ಎರಡರ ಕಾರಣವೂ ಬೇರೆ.

ಮಳೆಯಾಗಬೇಕಾದರೆ ತೇವದ ಗಾಳಿ ಮೇಲೇರಿ ತಣಿಯಬೇಕು. ಪಡುಗಡಲಿನ ಗಾಳಿಯನ್ನು ಸಹ್ಯಾದ್ರಿ ಎತ್ತುತ್ತದೆಂಬುದು ಶಾಲೆಯ ಪಾಠ. ಆದರೆ ಬೆಟ್ಟ ನಿಂತಲ್ಲೇ ನಿಂತಿದ್ದರೂ ಒಂದು ವಾರ ಜಡಿಮಳೆ, ಮರುವಾರ ಹೊಳವು. ಆದ್ದರಿಂದ ಬೆಟ್ಟದಾಚೆಯೂ ಕಾರಣವನ್ನು ಹುಡುಕಬೇಕು.

ನೂರಾರು ಕಿಲೋಮೀಟರ್ ಹರಹಿನ ವಾಯುಭಾರ ಕುಸಿತದಲ್ಲಿ ಗಾಳಿ ಏರುವ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಆದರೂ 2 ಸೆಂ.ಮೀ.ನಂತೆ ಹಗಲಿರುಳು ಏರಿದರೆ ದಿನಕ್ಕೆ 1,700 ಮೀಟರ್. ಹೆಚ್ಚುಕಡಿಮೆ ತಡಿಯಂಡಮೋಳ್ ಶಿಖರದ ಎತ್ತರ! ಇಷ್ಟು ಮೆಲ್ಲನೆಯ ಚಲನೆಯನ್ನು ನೇರವಾಗಿ ಅಳೆಯುವುದು ಬಹು ಕಷ್ಟ. ಆದುದರಿಂದ ತಜ್ಞರು ಬಲೂನು ಹಾರಿಸಿ, ಬೇರೆ ಬೇರೆ ಎತ್ತರದ ಗಾಳಿ ಮತ್ತು ಉಷ್ಣತೆಯನ್ನು ಅಳೆದು, ನಾಡಿ ಹಿಡಿದ ವೈದ್ಯನಂತೆ ಕಾರಣವನ್ನು ನಿರ್ಣಯಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಗಾಳಿ ಹೊತ್ತು ತರುವ ಸುಳಿ ಮೇಲುಮೇಲಕ್ಕೆ ಬಲಿಯುತ್ತಿದೆಯೇ? ಬೆಚ್ಚನೆಯ ಗಾಳಿ ಹರಿದುಬರುತ್ತಿದೆಯೇ? ಆವಿ ಹನಿಯಾಗುವಾಗ ಹೊಮ್ಮುವ ಶಾಖವೆಷ್ಟು? ಮುಂಗಾರಿನ ನಾಡಿನಲ್ಲಿ ಈ ಮೂರನೆಯದರ ಪಾಲು ಹಿರಿದು.

2018ರ ಆಗಸ್ಟ್ ನಡುವಿನಲ್ಲಿ ಒಡಿಶಾ ಕರಾವಳಿಯ ಬಳಿ ವಾಯುಭಾರ ಕುಸಿತ ಉಂಟಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ಇಂಥ ಕುಸಿತ ಬಲಿತಾಗ ನಮ್ಮ ಪಡುಗಾಳಿಯೂ ಬಿರುಸಾಗುತ್ತದೆ. ಬಿರುಸಾದ ಗಾಳಿಯನ್ನು ಘಟ್ಟ ಇನ್ನಷ್ಟು ರಭಸದಿಂದ ಎತ್ತುತ್ತದೆ. ದೂರದ ಕೊಲ್ಲಿಯೂ ಹತ್ತಿರದ ಘಟ್ಟವೂ ಕೂಡಿ ಸುರಿಸಿದ ಮಳೆ ಅದು.

ಇದನ್ನು ಅರಿಯುವುದರಿಂದ ನಮಗೇನು? ಮೊದಲನೆಯದಾಗಿ, ಇಷ್ಟು ದೊಡ್ಡ ವ್ಯವಸ್ಥೆ ಹಠಾತ್ತನೆ ಎರಗುವುದಿಲ್ಲ. ಅದು ನಕ್ಷೆಯಲ್ಲಿ ದಿನಗಳ ಮೊದಲೇ ಕಾಣುತ್ತದೆ. ಎಚ್ಚರಿಸಲು ವೇಳೆಯಿರಲಿಲ್ಲವೆಂಬ ಸಮಜಾಯಿಷಿಯನ್ನು ಹಾಗೆಯೇ ಒಪ್ಪಬೇಕಿಲ್ಲ. ಎರಡನೆಯದಾಗಿ, ಗಾಳಿಯನ್ನು ಎತ್ತುವುದು ನಮ್ಮ ಕೈಯಲ್ಲಿಲ್ಲ, ಇಳಿಜಾರನ್ನು ಕಡಿಯದಿರುವುದು ಖಂಡಿತ ಇದೆ. ಕೊಡಗಿನಲ್ಲಿ ಕುಸಿದ ಅನೇಕ ತಾಣಗಳು ರಸ್ತೆ, ಮನೆಗಳಿಗಾಗಿ ಕಡಿದ ಬೆಟ್ಟಗಳೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಜರಿದದ್ದೂ ಹೆದ್ದಾರಿಗಾಗಿ ಕೊರೆದ ಗುಡ್ಡವೇ.

ಕೊಡಗಿನ ಬೆಳೆಗಾರರು ದಶಕಗಳಿಂದ ಮಳೆಯ ಲೆಕ್ಕ ಬರೆದಿಟ್ಟಿದ್ದಾರೆ. ಪ್ರತಿ ಶಾಲೆಯ ಅಂಗಳದಲ್ಲೂ ಮಳೆಮಾಪಕವೊಂದು ನಿಲ್ಲಲಿ. ವಿದ್ಯಾರ್ಥಿಗಳು ದಿನದ ಮಳೆಯ ಜೊತೆಗೆ ಗಾಳಿಯ ದಿಕ್ಕನ್ನೂ, ಕೊಲ್ಲಿಯ ಸುದ್ದಿಯನ್ನೂ ಬರೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕದ ಪಕ್ಕದಲ್ಲೇ ಊರಿನ ಕಡಿದ ಇಳಿಜಾರುಗಳ ಪಟ್ಟಿಯೂ ಇರಲಿ. ಆಕಾಶದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂಬುದನ್ನು ಆಗ ನಾವೇ ಹೇಳಬಲ್ಲೆವು.