ಕೊಯ್ಯುವ ಮೊದಲು ಅಳೆಯಿರಿ

"ಮೊದ್ಲು ಕೂರ್ಸಿ ನೋಡಾವ, ತಗುಲುದ್ರೆ ಆಮೇಕೆ ಕುಯ್ದ್ರಾಯ್ತು."

ಮಂಡ್ಯ, ಮದ್ದೂರು, ಮಳವಳ್ಳಿಯ ಗ್ಯಾರೇಜುಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗ್ಯಾರೇಜಿನಲ್ಲಿ ಹೆಂಗಸಿಗೇನು ಕೆಲಸ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜೀಪಿನ ಮುಂದಿನ ಆಕ್ಸೆಲ್ಲಿಗೆ ದುಡ್ಡು ಹುಟ್ಟಿದ್ದು ನನ್ನ ಎರಡೆಳೆ ಸರ ಅಡವಿಟ್ಟು. ಆ ಜೀಪಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವರು ನಾನು, ನನ್ನ ಓರಗಿತ್ತಿ, ನಮ್ಮ ಮಕ್ಕಳು. ಪ್ರಶ್ನೆ ಕೇಳುವುದಕ್ಕೆ ಇಷ್ಟು ಹಕ್ಕು ಸಾಲದೇ?

ಹಳೆಯ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನನ್ನ ಅಣ್ಣನ ಮಗ ಒಂದು ಹಳೆಯ ಜೀಪು ಕೊಂಡು ತಂದಿದ್ದಾನೆ. ಅದಕ್ಕೆ ದಪ್ಪ ಆಕ್ಸೆಲ್ ಬೇಕಂತೆ, ದೊಡ್ಡ ಟೈರು ಬೇಕಂತೆ, ನಾಲ್ಕು ಇಂಚು ಎತ್ತರ ಮಾಡಬೇಕಂತೆ. "ಎತ್ತರ ಮಾಡ್ಬುಟ್ರೆ ಏನೂ ತಗುಲಾಕಿಲ್ಲ ಕನತ್ತೆ" ಎಂದು ನನಗೇ ಪಾಠ ಹೇಳಿದ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮೈದುನ ಹೇಳಿದ್ದೂ ಇದನ್ನೇ. ಆ ಪಾಠಕ್ಕೆ ನಾವು ಕೊಟ್ಟ ಶುಲ್ಕ ಎಷ್ಟೆಂದು ಈ ಹುಡುಗನಿಗೆ ಗೊತ್ತಿಲ್ಲ.

ನಮ್ಮದು ಮಳವಳ್ಳಿ ಸೀಮೆ. ಜಮೀನಿಗೆ ಹೋಗಬೇಕೆಂದರೆ ನಾಲೆಯ ಏರಿಯ ಮೇಲೆ ಹೋಗಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಆಳು ಮಟ್ಟ ತಗ್ಗಿನಲ್ಲಿ ಕಬ್ಬಿನ ಗದ್ದೆ. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಕೂಲಿಯವರು, ಮನೆಯವರು ಎಲ್ಲರನ್ನೂ ಹೊತ್ತು ಹೊತ್ತು ನಮ್ಮ ಹಳೆಯ ಜೀಪಿನ ಮುಂದಿನ ಆಕ್ಸೆಲ್ ಬಾಗಿತ್ತು. ಗುಜರಿಗೆ ಬಂದಿದ್ದ ಭಾರಿ ಜೀಪೊಂದರ ಆಕ್ಸೆಲ್ ಅಗ್ಗಕ್ಕೆ ಸಿಕ್ಕಿತು. ಮದ್ದೂರಿನ ಕಡೆಯ ಒಂದು ಗ್ಯಾರೇಜಿನಲ್ಲಿ ಕೂರಿಸಿದರು. ನಾನು ಬಗ್ಗಿ ನೋಡಿ, "ಇಲ್ಲಿ ಇಷ್ಟೇ ಸಂದು ಇದೆಯಲ್ಲ, ಹಳ್ಳಕ್ಕೆ ಇಳಿದಾಗ ತಾಗುವುದಿಲ್ಲವೇ?" ಎಂದು ಕೇಳಿದೆ. "ಅಮ್ಮಾವ್ರೆ, ನಿಮ್ಗೆ ಇದೆಲ್ಲ ತಿಳಿಯಾಕಿಲ್ಲ, ಬುಡಿ" ಎಂದರು. ಬಿಟ್ಟೆ. ಅಲ್ಲೇ ನಾನು ತಪ್ಪಿದ್ದು.

ಮೂರನೆಯ ವಾರ ಜಮೀನಿನಿಂದ ಹಿಂದಿರುಗುತ್ತಿದ್ದೆವು. ಮೋರಿಯ ದಿಣ್ಣೆ ಹತ್ತಿ ಇಳಿದದ್ದೇ ತಡ, ಮುಂದೆ ದಢ್ ಎಂಬ ಸದ್ದು. ಆಕ್ಸೆಲ್ ಮೇಲೆದ್ದು ಎಂಜಿನ್ನಿನ ಎಣ್ಣೆ ಚೇಂಬರಿಗೆ ಗುದ್ದಿತ್ತು. ಮೈದುನ ಬ್ರೇಕು ತುಳಿದ, ಪೆಡಲು ನೆಲಕ್ಕೆ ಹೋಯಿತು. ದೊಡ್ಡ ಟೈರು ಪ್ರತಿ ತಿರುವಿನಲ್ಲೂ ಬ್ರೇಕಿನ ಹೋಸ್ ಪೈಪನ್ನು ಸವರಿ ಸವರಿ ತೂತು ಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ. ಅವನು ಸ್ಟಿಯರಿಂಗನ್ನು ನೀರಿನ ಕಡೆಗಲ್ಲದೆ ಗದ್ದೆಯ ಕಡೆಗೆ ಎಳೆದ. ಹತ್ತು ತಿಂಗಳ ಕಬ್ಬು ನಮ್ಮನ್ನು ತಡೆಯಿತು. ಓರಗಿತ್ತಿಯ ಹಲ್ಲು ಮುರಿಯಿತು, ನನ್ನ ಕಿರಿಯ ಮಗನ ಕೈ ಮುರಿಯಿತು. ಅಷ್ಟರಲ್ಲೇ ಪಾರಾದೆವು.

2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಆ ಬಸ್ಸಿಗೂ ನಮ್ಮ ಜೀಪಿನ ಆಕ್ಸೆಲ್ಲಿಗೂ ಯಾವ ಸಂಬಂಧವೂ ಇಲ್ಲ. ಆದರೆ ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ. ಏರಿಯ ಮೇಲೆ ಸ್ಟಿಯರಿಂಗು ಎತ್ತ ತಿರುಗಿತು ಎಂಬುದರ ಮೇಲೆ ಒಂದು ಮನೆ ಉಳಿಯುವುದು ಅಥವಾ ಹೋಗುವುದು ಎಂದು ನಾನು ಬಲ್ಲೆ.

ಜೀಪನ್ನು ಎಳೆದು ತಂದು ಮಂಡ್ಯದ ಒಬ್ಬ ವಯಸ್ಸಾದ ಮೇಸ್ತ್ರಿಯ ಮುಂದೆ ನಿಲ್ಲಿಸಿದೆವು. ಅವರು ಗ್ಯಾಸ್ ಕಟರ್ ಮುಟ್ಟಲಿಲ್ಲ, ಟೇಪು ತೆಗೆದರು. ಸಮ ನೆಲದಲ್ಲಿ ನಿಂತ ಜೀಪಿನಲ್ಲಿ ಆಕ್ಸೆಲ್ಲಿನ ಉಬ್ಬಿಗೂ, ಅಂದರೆ ಹಲ್ಲುಗಾಲಿಗಳಿರುವ ಆ ಗಡಿಗೆಯಂಥ ಭಾಗಕ್ಕೂ, ಚೇಂಬರಿಗೂ ನಡುವೆ 3.5 ಇಂಚು ಇತ್ತು. ಸ್ಪ್ರಿಂಗ್ ಪಟ್ಟಿ ಕುಸಿದು ಆಕ್ಸೆಲ್ ಮೇಲೇರಿದರೆ ಅದನ್ನು ತಡೆಯಲು ಚಾಸಿಯಲ್ಲೊಂದು ರಬ್ಬರ್ ಸ್ಟಾಪರ್ ಇರುತ್ತದೆ. ಅದಕ್ಕೆ ತಾಗುವವರೆಗಿನ ದಾರಿ 4 ಇಂಚು ಇತ್ತು.

"ಮೂರೂವರೇಲಿ ನಾಕು ಹೋದ್ರೆ ಎಷ್ಟಮ್ಮ?" ಎಂದು ನನ್ನನ್ನೇ ಕೇಳಿದರು.

ಮೂರನೆಯ ಕ್ಲಾಸಿನ ಲೆಕ್ಕ. ಅರ್ಧ ಇಂಚು ಸಾಲದು. ಸ್ಟಾಪರಿಗೆ ತಾಗುವ ಮೊದಲೇ ಆಕ್ಸೆಲ್ ಚೇಂಬರಿಗೆ ತಾಗಲೇಬೇಕಿತ್ತು. ಈ ಕಳೆಯುವ ಲೆಕ್ಕವನ್ನು ಯಾರೂ ಮಾಡದೆ ನನ್ನ ಸರ, ಮಗನ ಕೈ, ಓರಗಿತ್ತಿಯ ಹಲ್ಲು ಹೋದವು. ಇದಕ್ಕೆ ಎಂಜಿನಿಯರ್ ಬೇಕಿತ್ತೇ, ನೀವೇ ಹೇಳಿ.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಪಟ್ಟಿಗಳಲ್ಲಿ ಮೊದಲ ಎಲೆಯೊಂದನ್ನು ಬಿಟ್ಟು ಮಿಕ್ಕವನ್ನು ಕಳಚಿದರು. ಆಗ ಜಾಕಿನಿಂದ ಆಕ್ಸೆಲ್ಲನ್ನು ಹಳ್ಳಕ್ಕೆ ಬಿದ್ದಾಗ ಏರುವಷ್ಟು ಮೇಲೆತ್ತಬಹುದು. ಉಬ್ಬಿನ ಮೇಲೆ ಇಡಲು ಮೆತ್ತನೆಯ ಮಣ್ಣು ಹುಡುಕಿದರು, ಸಿಗಲಿಲ್ಲ. ನಾನು ಬುತ್ತಿಯ ಡಬ್ಬಿ ತೆಗೆದು ತಣ್ಣಗಿನ ರಾಗಿ ಮುದ್ದೆ ಕೊಟ್ಟೆ. ಜಾಕು ಏರಿದಂತೆ ಮುದ್ದೆ ಅಪ್ಪಚ್ಚಿಯಾಗಿ ಎಲೆಯಷ್ಟು ತೆಳುವಾಯಿತು. ಸ್ಟಾಪರ್ ಇನ್ನೂ ಅರ್ಧ ಇಂಚು ದೂರದಲ್ಲೇ ಇತ್ತು. ಟೇಪು ಹೇಳಿದ್ದನ್ನೇ ಮುದ್ದೆಯೂ ಹೇಳಿತು. ಆಮೇಲೆ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಮಾಡಿ ನೋಡಿದರು, ಏರಿಯ ಮೇಲೆ ಜೀಪು ಹಾಗೆ ತಾನೆ ತಿರುಚಿಕೊಳ್ಳುವುದು? ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಟೈರು ಎಲ್ಲೆಲ್ಲಿ ತಾಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಒಂದು ಮಧ್ಯಾಹ್ನದ ಕೆಲಸ, ಅಷ್ಟೆ.

ಈಗ ನನ್ನ ಅಣ್ಣನ ಮಗನ ಎತ್ತರದ ವಿಷಯಕ್ಕೆ ಬರುತ್ತೇನೆ. ಅವನು ನಂಬಿರುವುದು ದೊಡ್ಡ ಸುಳ್ಳು. ಪಟ್ಟಿಗೆ ಬಾಗು ಹೆಚ್ಚಿಸಿ ಜೀಪನ್ನು 1 ಇಂಚು ಎತ್ತಿದೆವು ಎನ್ನಿ. ನಿಂತಾಗಿನ ಸಂದು 3.5 ಇದ್ದದ್ದು 4.5 ಆಗುತ್ತದೆ. ನೋಡಿದವರಿಗೆ ಸಂತೋಷ. ಆದರೆ ಸ್ಟಾಪರಿಗೆ ಹೋಗುವ ದಾರಿಯೂ 4 ಇದ್ದದ್ದು 5 ಆಗುತ್ತದಲ್ಲ? ಕಳೆಯಿರಿ. ಅದೇ ಅರ್ಧ ಇಂಚು ಸಾಲದು! ನಾಲ್ಕು ಇಂಚು ಎತ್ತಿದರೂ ಅಷ್ಟೆ. ಎತ್ತರ ಮಾಡಿದರೆ ಗುದ್ದು ತಡವಾಗಿ ಬೀಳುತ್ತದೆ, ಅಪರೂಪಕ್ಕೆ ಬೀಳುತ್ತದೆ, ಆದರೆ ಬೀಳುತ್ತದೆ. ಅದೂ ನೀವು ಮೈಮರೆತ ದಿನ.

ನಿಜವಾದ ಪರಿಹಾರ ನೋಡಲು ಚೆನ್ನಾಗಿರುವುದಿಲ್ಲ. ಮೇಸ್ತ್ರಿ ಸ್ಟಾಪರನ್ನು 1.5 ಇಂಚು ಕೆಳಗಿಳಿಸಿದರು. ಆಗ ಆಕ್ಸೆಲ್ ಪೂರ್ತಿ ಮೇಲೇರಿ ನಿಂತರೂ ಚೇಂಬರಿಗೆ 1 ಇಂಚು ಸಂದು ಉಳಿಯಿತು. ರಬ್ಬರು ಅಮುಕಿಕೊಳ್ಳುತ್ತದೆ, ಎಂಜಿನ್ ತನ್ನ ಮೌಂಟಿಂಗಿನ ಮೇಲೆ ಅಲುಗಾಡುತ್ತದೆ, ಅದಕ್ಕೆಲ್ಲ ಆ ಒಂದು ಇಂಚು ಬೇಕು. ಹೀಗೆ ಮಾಡಿದಾಗ ಪಟ್ಟಿಗೆ ಕುಸಿಯಲು 2.5 ಇಂಚು ಮಾತ್ರ ಉಳಿದು ಸವಾರಿ ಒರಟಾಯಿತು. ಆಗ, ಆಗ ಮಾತ್ರ, ಪಟ್ಟಿಗೆ 1 ಇಂಚು ಬಾಗು ಕೊಡಿಸಿದರು. ಎತ್ತರಕ್ಕೂ ಒಂದು ಕೆಲಸವಿದೆ, ಆದರೆ ಅದು ಎರಡನೆಯ ಕೆಲಸ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾಡುವುದಕ್ಕೆ ನಾನು ಷೋಕಿ ಎನ್ನುತ್ತೇನೆ.

ಆ ಷೋಕಿಗೆ ಬೆಲೆಯೂ ಇದೆ. ಎತ್ತರವಾದಷ್ಟೂ ಜೀಪು ಪಕ್ಕಕ್ಕೆ ಉರುಳುವುದು ಸುಲಭ. ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ನಿಂತು ಅದರ ಜಾಯಿಂಟು ಬೇಗ ಸವೆಯುತ್ತದೆ. ಸ್ಟಿಯರಿಂಗಿನ ಸರಳು ಓರೆಯಾಗಿ, ಹಳ್ಳ ಬಂದಾಗ ನೀವು ತಿರುಗಿಸದೆಯೇ ಚಕ್ರ ತಿರುಗುತ್ತದೆ. ಪಟ್ಟಿಯ ಕೊನೆಯ ಶಾಕಲ್ಲನ್ನು 1 ಇಂಚು ಉದ್ದ ಮಾಡಿದರೆ ಜೀಪು ಏಳುವುದು ಸುಮಾರು ಅರ್ಧ ಇಂಚು ಮಾತ್ರ, ಆದರೆ ಆಕ್ಸೆಲ್ ಓರೆಯಾಗಿ ಸ್ಟಿಯರಿಂಗು ಹಿಡಿತ ತಪ್ಪುತ್ತದೆ. ಮುಂದಿನ ಆಕ್ಸೆಲ್ಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕು ತುರುಕುವುದಂತೂ ಪ್ರಾಣಾಂತಿಕ. ಬ್ರೇಕು ಹಾಕಿದಾಗಿನ ಸೆಳೆತವೆಲ್ಲ ಬ್ಲಾಕಿನ ಮೇಲೆ ಬಿದ್ದು ಅದು ಜಾರಿಬಿಡಬಹುದು. ಇದೆಲ್ಲ ಸಾಲದೆಂದು ಸೀರೆ ಉಟ್ಟವರು ಹತ್ತಲು ಏಣಿ ಬೇಕು. ಈ ಎತ್ತರವನ್ನು ಯಾರನ್ನು ಕೇಳಿ ಮಾಡಿದಿರಿ?

ಟೈರಿನ ವಿಷಯವೂ ಹಾಗೇ ಮುಗಿಯಿತು. ತಿರುವಿನಲ್ಲಿ ಚಕ್ರವನ್ನು ತಡೆಯುವ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಬ್ರೇಕಿಗೆ ಉದ್ದನೆಯ ಹೊಸ ಪೈಪು ಹಾಕಿ, ಟೈರಿನಿಂದ ದೂರಕ್ಕೆ ಕ್ಲಿಪ್ಪಿನಲ್ಲಿ ಬಿಗಿದರು. ನಮ್ಮ ಬೀದಿಯ ಮೂಲೆಯಲ್ಲಿ ಒಂದೇ ಸಲಕ್ಕೆ ತಿರುಗುತ್ತಿದ್ದ ಜೀಪು ಅಂದಿನಿಂದ ಒಮ್ಮೆ ಹಿಂದಕ್ಕೆ ಹೋಗಿ ತಿರುಗುತ್ತಿತ್ತು. ಮೈದುನ ಗೊಣಗಿದ. ಗೊಣಗಲಿ ಎಂದುಕೊಂಡೆ. ಮಡ್‌ಗಾರ್ಡನ್ನು ಎಲ್ಲಿಯೂ ಕೊಯ್ಯಲಿಲ್ಲ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಅಂದು ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪುಸ್ತಕದಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ಇಂದಾದರೆ ನಾನು ಅದೇ ಮಾದರಿಯ ಒಳ್ಳೆಯ ಆಕ್ಸೆಲ್ಲನ್ನೇ ಹುಡುಕಿಸುತ್ತೇನೆ. ಬೇರೆಯದೇ ಬೇಕೆಂದು ಹಟ ಹಿಡಿದರೆ ಮೊದಲು ಆರ್‌ಟಿಓ ಕಚೇರಿಯಿಂದ ಬರವಣಿಗೆಯಲ್ಲಿ ಅನುಮತಿ ತಾ ಎನ್ನುತ್ತೇನೆ. ಅನುಮತಿ ಸಿಕ್ಕರೂ ಕಳೆಯುವ ಲೆಕ್ಕ ತಪ್ಪುವುದಿಲ್ಲ.

ಮೇಸ್ತ್ರಿಗಳೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಣ್ಣೆ ಮಸಿಯಲ್ಲಿ ಮಲಗಿ ದುಡಿಯುವ ಜನ ಅವರು. ನಮ್ಮ ಜೀಪನ್ನು ಸರಿಮಾಡಿದವರೂ ಒಬ್ಬ ಮೇಸ್ತ್ರಿಯೇ. ಅಳೆಯಲು ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನದ ಕೂಲಿಯನ್ನು ಗಿರಾಕಿ ಕೊಡುವುದಿಲ್ಲ ಎಂಬುದೂ ನಿಜ. ಹಾಗಾದರೆ ಕೊಡೋಣ! ಕೊಯ್ಯುವುದಕ್ಕೆ ಕೊಡುವ ಕೂಲಿಯನ್ನು ಅಳೆಯುವುದಕ್ಕೆ ಕೊಡಲು ನಮಗೇಕೆ ಜೀವ ಬರುವುದಿಲ್ಲ? ನಮ್ಮ ಅಪ್ಪನ ಎತ್ತಿನ ಗಾಡಿಗೆ ಹೊಸ ಅಚ್ಚು ಹಾಕಿದ ಬಡಗಿ, ಗಾಲಿ ತಿರುಗಿಸಿ ಸಂದಿನಲ್ಲಿ ಎರಡು ಬೆರಳು ಆಡಿಸಿ ನೋಡದೆ ಕಡಾಣಿ ಹಾಕುತ್ತಿರಲಿಲ್ಲ. ಆ ಎರಡು ಬೆರಳಿನ ಬುದ್ಧಿ ಜೀಪಿನ ಕಾಲಕ್ಕೆ ಎಲ್ಲಿಗೆ ಹೋಯಿತು?

ಕೊನೆಯ ಮಾತು ನನ್ನಂಥ ಹೆಂಗಸರಿಗೆ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಚೌಕಾಸಿ ಮಾಡುವ ನಾವು, ಸರ ಬಿಚ್ಚಿ ಕೊಟ್ಟ ಮೇಲೆ ಗ್ಯಾರೇಜಿನ ಹೊರಗೆ ನೆರಳಿನಲ್ಲಿ ನಿಂತುಬಿಡುತ್ತೇವೆ. ನಿಲ್ಲಬೇಡಿ. ಒಳಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ನಿಂತಾಗ ಸಂದು ಎಷ್ಟು, ಸ್ಟಾಪರಿಗೆ ದಾರಿ ಎಷ್ಟು? ಉತ್ತರ ಇಂಚಿನಲ್ಲಿ ಬರಬೇಕು. "ನಿಮ್ಗೆ ತಿಳಿಯಾಕಿಲ್ಲ" ಎಂಬುದು ಇಂಚಲ್ಲ. ಹಾಗೆಂದವರ ಹತ್ತಿರ ಗಾಡಿ ಬಿಡಬೇಡಿ, ಸರವನ್ನೂ ಬಿಚ್ಚಬೇಡಿ.

ಅಣ್ಣನ ಮಗನಿಗೂ ಇದನ್ನೇ ಹೇಳಿ ಕಳಿಸಿದ್ದೇನೆ. ಟೇಪನ್ನು ಅವನೇ ತರಲಿ, ಮುದ್ದೆ ನಾನು ಕಟ್ಟಿಕೊಡುತ್ತೇನೆ.